ಲಕ್ವಾ ಹೊಡೆದವರಿಗೆ ತೆಳು ಗಂಜಿ ಸರಿಯೇ? ದೊಡ್ಡವರ, ಮಕ್ಕಳ ನುಂಗುವ ತೊಂದರೆ

ಕುಂದಗೋಳ_ಆಶಾ:
ನಮಸ್ಕಾರ್ರಿ ಎಲ್ಲಾರಿಗೂ. ಲಕ್ವಾ ಹೊಡೆದವರನ್ನ ದವಾಖಾನಿಯಿಂದ ಮನಿಗೆ ಕಳಿಸಿದ ಕೂಡಲೆ ಮಂದಿ ಕೇಳೋ ಮೊದಲನೇ ಮಾತು, ಊಟಕ್ಕ ಏನ್ ಕೊಡೂಣು ಅಂತ. ಎಲ್ಲಾರೂ ಹೇಳೋದು ಒಂದ: ತೆಳ್ಳಗ ಗಂಜಿ, ಚಹಾ, ಎಳನೀರು, ಬ್ಯಾಳಿ ಕಟ್ಟು. ಆದ್ರ ಹಂಗ ಕುಡಿಸಿದಾಗ ನೆತ್ತಿಗಿ ಹತ್ತೋದು, ಆಮ್ಯಾಲ ಕಫ, ಜ್ವರ ಬರೋದು ಭಾಳ ಮನಿಯಾಗ ಕಾಣತದ. ತೆಳ್ಳಂದು ಸರಳ ಇಳೀಬೇಕಲ್ಲಾ, ಹಿಂಗ್ಯಾಕ? ಮಕ್ಕಳದೂ ಒಂದು ಪ್ರಶ್ನೆ ಅದ. ಒಂದೂವರಿ ವರ್ಷ ಆದ್ರೂ ಬರೇ ಹಾಲು, ಇಲ್ಲಾಂದ್ರ ಮಿಕ್ಸರ್‌ಗೆ ಹಾಕಿದ್ದಷ್ಟ ನುಂಗೋ ಮಕ್ಕಳಿಗೆ ಏನ್ ಮಾಡಬೇಕು? ತಿಳದವರು ಬಿಡಿಸಿ ಬರೀರಿ.

ವಾಕ್_ಹುಬ್ಬಳ್ಳಿ (ಸ್ಪೀಚ್ ಥೆರಪಿ):
ಅಕ್ಕಾರ, ತೆಳುವಾದದ್ದು ಸರಳ ಇಳಿಯುತ್ತದೆ ಎಂಬುದು ಗಂಟಲು ಸರಿ ಇದ್ದವರ ಲೆಕ್ಕ. ನುಂಗುವಾಗ ಏನೇನು ಆಗುತ್ತದೆ ನೋಡಿ. ನಾಲಿಗೆ ತುತ್ತನ್ನು ಹಿಂದಕ್ಕೆ ತಳ್ಳುತ್ತದೆ. ಮೆದು ಅಂಗುಳ ಎದ್ದು ಮೂಗಿನ ದಾರಿ ಮುಚ್ಚುತ್ತದೆ. ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿಯುತ್ತದೆ (ಗಂಟಲ ಮುಂದಿನ ಗುಬುಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಕೈಗೇ ತಿಳಿಯುತ್ತದೆ). ಧ್ವನಿತಂತುಗಳು ಕೂಡುತ್ತವೆ, ಶ್ವಾಸನಾಳದ ಮುಚ್ಚಳ ಹಿಂದಕ್ಕೆ ಬಾಗುತ್ತದೆ, ಅನ್ನನಾಳದ ಮೇಲ್ಬಾಯಿ ತೆರೆಯುತ್ತದೆ. ಗಂಟಲಿನ ಈ ಹಂತವೆಲ್ಲ ಸುಮಾರು 1 ಸೆಕೆಂಡಿನೊಳಗೆ ಮುಗಿಯಬೇಕು, ಅಷ್ಟು ಹೊತ್ತು ಉಸಿರು ನಿಂತಿರುತ್ತದೆ. ಲಕ್ವಾದಲ್ಲಿ ಈ ಸರಣಿ ಶುರುವಾಗುವುದೇ ತಡ. ನೀರು, ಚಹಾ, ತೆಳು ಗಂಜಿ ಅದಕ್ಕೆ ಕಾಯುವುದಿಲ್ಲ. ಶ್ವಾಸನಾಳ ಮುಚ್ಚುವ ಮೊದಲೇ ಹರಿದು ಅದರೊಳಗೆ ಇಳಿಯುತ್ತವೆ. ಸ್ವಲ್ಪ ಮಂದ ಇದ್ದದ್ದು ನಿಧಾನ ಸರಿಯುತ್ತದೆ, ಗಂಟಲಿಗೆ ಸಿದ್ಧವಾಗಲು ಹೊತ್ತು ಸಿಗುತ್ತದೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಕೆಮ್ಮು ಬಂದರೆ ಮಾತ್ರ ತೊಂದರೆ, ಬರದಿದ್ದರೆ ಸರಿ ಎಂದು ನಂಬಬೇಡಿ. ಗಂಟಲ ಸಂವೇದನೆ ಕುಗ್ಗಿದವರಲ್ಲಿ ನೀರು ಶ್ವಾಸನಾಳಕ್ಕೆ ಇಳಿದರೂ ಒಂದು ಕೆಮ್ಮೂ ಬರುವುದಿಲ್ಲ. ಹಾಗಾಗಿ ಬೇರೆ ಗುರುತು ಹುಡುಕಬೇಕು: ನುಂಗಿದ ಮೇಲೆ ‘ಆ’ ಅನ್ನಿಸಿದರೆ ದನಿ ಗೊರಗೊರ, ಒದ್ದೆ ಒದ್ದೆ ಕೇಳುವುದು, ಊಟದ ನಡುವೆ ಕಣ್ಣಲ್ಲಿ ನೀರು, ಒಂದು ತುತ್ತಿಗೆ ಮೂರು ನಾಲ್ಕು ಸಲ ನುಂಗುವುದು, ಸೋತ ಬದಿಯ ಗಲ್ಲದಲ್ಲಿ ಅನ್ನ ಉಳಿಯುವುದು, ಊಟವಾದ ಮೇಲೆ ಉಸಿರು ಜೋರಾಗುವುದು, ಕಾರಣ ಸಿಗದ ಜ್ವರ ಮತ್ತೆ ಮತ್ತೆ ಬರುವುದು, ತೂಕ ಇಳಿಯುವುದು. ನೆತ್ತಿಗೆ ಹತ್ತಿದರೆ ‘ಯಾರೋ ನೆನೆಸಲಿಕತ್ತಾರ’ ಎಂದು ನಗುವ ರೂಢಿ ನಮ್ಮಲ್ಲಿದೆ. ಲಕ್ವಾ ಆದವರಿಗೆ ದಿನಾ ಯಾರೋ ನೆನೆಸುತ್ತಿದ್ದರೆ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಚಮಚದ ಹಿಂಬದಿಯಿಂದ ಗಂಟಲು ಮುಟ್ಟಿ, ವಾಕರಿಕೆ ಬಂತು ಅಂದರೆ ನುಂಗಬಲ್ಲರು ಎಂದು ತೀರ್ಮಾನಿಸುವುದು ಇನ್ನೂ ನಡೆದಿದೆ. ವಾಕರಿಕೆಗೂ ಸುರಕ್ಷಿತವಾಗಿ ನುಂಗುವುದಕ್ಕೂ ಅಂಥ ಸಂಬಂಧವಿಲ್ಲ. ವಾಕರಿಕೆಯೇ ಬಾರದ ಎಷ್ಟೋ ಜನ ಚೆನ್ನಾಗಿ ನುಂಗುತ್ತಾರೆ.

ನರಗುಂದ_ಮಾಸ್ತರ:
ಹಂಗಾರ ಎಲ್ಲಾದಕ್ಕೂ ಹಿಟ್ಟು ಕೂಡಿಸಿ ಗಟ್ಟಿ ಮಾಡಿ ಕೊಟ್ರ ಆತಲ್ಲಾ? ಇಷ್ಟ ಸರಳ ಇದ್ರ ದವಾಖಾನಿಯಾಗ ಯಾಕ ಹೇಳಿ ಕಳಸೂದಿಲ್ಲ?

ವಾಕ್_ಹುಬ್ಬಳ್ಳಿ:
ಮಾಸ್ತರ, ಅಷ್ಟು ಸರಳವಿಲ್ಲ. ತಡವಾಗಿ ಶುರುವಾಗುವ ಗಂಟಲಿಗೆ ಮಂದ ಪದಾರ್ಥ ಒಳ್ಳೆಯದು. ಆದರೆ ತಳ್ಳುವ ಶಕ್ತಿಯೇ ಕಡಿಮೆ ಇರುವ ಗಂಟಲಿಗೆ ಗಟ್ಟಿಯಾದದ್ದು ಕೊಟ್ಟರೆ ಅರ್ಧ ಅಲ್ಲೇ ಅಂಟಿಕೊಂಡು ಉಳಿಯುತ್ತದೆ, ನುಂಗಿ ಬಾಯಿ ತೆರೆದು ಉಸಿರು ಎಳೆದಾಗ ಒಳಗೆ ಜಾರುತ್ತದೆ. ಅಂಥವರಿಗೆ ತುಸು ತೆಳುವೇ ಲೇಸು. ಮೇಲಾಗಿ ಮಂದ ಮಾಡಿದ ನೀರು ಯಾರಿಗೂ ಸೇರುವುದಿಲ್ಲ. ಕುಡಿಯುವುದು ಕಡಿಮೆಯಾಗಿ ಮೂತ್ರ ಹಳದಿಯಾಗುತ್ತದೆ, ಮಲ ಕಟ್ಟುತ್ತದೆ, ಮಂಪರು ಬರುತ್ತದೆ. ಮಂದ ಮಾಡುವ ಸಲಹೆ ಕೊಟ್ಟವರು ದಿನಕ್ಕೆ ಎಷ್ಟು ಒಳಗೆ ಹೋಯಿತು ಎಂಬ ಲೆಕ್ಕವನ್ನೂ ಕೇಳಬೇಕು.

ಯಾವುದು ಸರಿ ಎಂದು ಗೊತ್ತಾಗಲು ಎರಡು ಪರೀಕ್ಷೆ ಇವೆ. ಒಂದು ಬೇರಿಯಂ ಕಲಸಿದ ಆಹಾರ ನುಂಗಿಸಿ ಎಕ್ಸ್‌-ರೇ ವಿಡಿಯೋ ತೆಗೆಯುವುದು, ಅದರಲ್ಲಿ ಬಾಯಿಯಿಂದ ಅನ್ನನಾಳದವರೆಗೆ ಪೂರ್ತಿ ದಾರಿ ಕಾಣುತ್ತದೆ. ಇನ್ನೊಂದು ಮೂಗಿನಿಂದ ಸಣ್ಣ ಎಂಡೋಸ್ಕೋಪ್ ಇಳಿಸಿ ಗಂಟಲನ್ನು ನೇರ ನೋಡುವುದು, ಇದಕ್ಕೆ ಫೀಸ್ (FEES) ಅನ್ನುತ್ತಾರೆ. ಹಾಸಿಗೆಯಲ್ಲೇ ಮಾಡಬಹುದು, ಮನೆಯ ಊಟವನ್ನೇ ತಿನ್ನಿಸಿ ನೋಡಬಹುದು, ಆದರೆ ನುಂಗುವ ಆ ಕ್ಷಣದಲ್ಲಿ ಪರದೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಎರಡೂ ಸಿಗದ ಕಡೆ ತರಬೇತಾದ ನರ್ಸ್ ಅಥವಾ ಥೆರಪಿಸ್ಟ್ ನೀರಿನ ಪರೀಕ್ಷೆ ಮಾಡುತ್ತಾರೆ. ರೋಗಿ ಎಚ್ಚರ ಇರಬೇಕು, ನೆಟ್ಟಗೆ ಕೂತಿರಬೇಕು, ಬಾಯಿ ತೊಳೆದಿರಬೇಕು. ಮೊದಲು ಚಮಚದಲ್ಲಿ ಸ್ವಲ್ಪ ಸ್ವಲ್ಪ, ಅದು ಸರಿಹೋದರೆ 90 ಮಿ.ಲೀ. ನೀರು ನಿಲ್ಲಿಸದೆ ಕುಡಿಯಲು ಹೇಳುತ್ತಾರೆ. ನಡುವೆ ನಿಂತರೆ, ಕೆಮ್ಮಿದರೆ, 1 ನಿಮಿಷದೊಳಗೆ ದನಿ ಒದ್ದೆಯಾದರೆ ಫೇಲು. ಲಕ್ವಾ ರೋಗಿಗೆ ಈ ಪರೀಕ್ಷೆ ಆಗುವವರೆಗೆ ನೀರು, ಚಹಾ, ಮಾತ್ರೆ ಯಾವುದೂ ಬಾಯಿಗೆ ಹಾಕಬಾರದು. ನೋಡಲು ಬಂದ ಬೀಗರು ವಾರ್ಡಿನಲ್ಲಿ ಎರಡು ಗುಟುಕು ಚಹಾ ಕುಡಿಸುವುದು ಇದರಿಂದಾಗಿಯೇ ಅಪಾಯ.

ಪಥ್ಯಪಾಕ_ಗದಗ (ಡಯಟೀಶಿಯನ್):
ಮಂದ ಅಂದ್ರ ಎಷ್ಟು ಮಂದ, ಇದರ ಮ್ಯಾಲ ಮನಿ ಮನಿಗೂ ಜಗಳ. ಕಣ್ಣಂದಾಜು ಬಿಟ್ಟು ಅಳತಿ ಮಾಡ್ರಿ. ಜಗತ್ತಿನ ತುಂಬ ಬಳಸೋ ಇಡ್ಸಿ (IDDSI) ಅನ್ನೋ ಪಟ್ಟಿಯಾಗ 0 ದಿಂದ 7 ರತನಕ ಮಟ್ಟ ಅದಾವ. ಕುಡಿಯೋ ಪದಾರ್ಥಕ್ಕ 10 ಮಿ.ಲೀ. ಸಿರಿಂಜ್ ಒಂದ ಸಾಕು. ಸೂಜಿ ಬ್ಯಾಡ. ದಟ್ಟೆ (ಒಳಗಿನ ಒತ್ತೋ ಕೋಲು) ತಗೀರಿ, ತುದಿಗೆ ಬೆರಳು ಹಚ್ಚಿ ಹಿಡೀರಿ, 10 ರ ಗುರುತಿನ ತನಕ ಗಂಜಿ ತುಂಬ್ರಿ. ಬೆರಳು ಬಿಟ್ಟು ಸರಿಯಾಗಿ 10 ಸೆಕೆಂಡಿಗೆ ಮತ್ತ ಮುಚ್ರಿ. ಒಳಗ ಉಳದದ್ದು 1 ಮಿ.ಲೀ. ಗಿಂತ ಕಡಿಮಿ ಇದ್ರ ಅದು ನೀರಿನ ಮಟ್ಟ, 0. 1 ರಿಂದ 4 ಉಳದ್ರ ಮಟ್ಟ 1. 4 ರಿಂದ 8 ಉಳದ್ರ ಮಟ್ಟ 2. 8 ಕ್ಕಿಂತ ಹೆಚ್ಚು ಉಳದು ಹನಿ ಹನಿ ಇಳದ್ರ ಮಟ್ಟ 3. ಏನೂ ಇಳೀಲಿಲ್ಲಾ ಅಂದ್ರ ಮಟ್ಟ 4, ಅದನ್ನ ಚಮಚದಾಗ ತಿನಸಬೇಕು, ಕುಡಿಸೋದಲ್ಲ. ಒಂದು ಎಚ್ಚರ: ಸಿರಿಂಜ್ ಕಂಪನಿಗೊಂದು ಅಗಲ ಇರ್ತದ. 0 ದಿಂದ 10 ರ ಗುರುತಿನ ತನಕ ಸ್ಕೇಲ್ ಇಟ್ಟು ನೋಡಿದ್ರ 61.5 ಮಿ.ಮೀ. ಬರಬೇಕು. ಬರಲಿಲ್ಲಾಂದ್ರ ಲೆಕ್ಕ ತಪ್ಪತದ.

ಈಗ ನಮ್ಮ ಊಟಕ್ಕ ಬರೂಣು. ಜೋಳದ ಅಂಬಲಿ, ರಾಗಿ ಅಂಬಲಿ ಬಿಸಿ ಇದ್ದಾಗ ತೆಳ್ಳಗ ಇರ್ತಾವ, ಆರಿದ ಮ್ಯಾಲ ಗಟ್ಟಿ ಆಗ್ತಾವ. ಹಿಂಗಾಗಿ ಒಲಿ ಮ್ಯಾಲಿಂದ ಇಳಿಸಿದಾಗ ಅಳತಿ ಮಾಡಬ್ಯಾಡ್ರಿ, ಉಣಿಸೋವಾಗ ಎಷ್ಟು ಬೆಚ್ಚಗ ಇರ್ತದೋ ಆವಾಗ ಮಾಡ್ರಿ. ಇನ್ನೊಂದು ಮಂದಿಗೆ ತಿಳೀದ ಗುಟ್ಟು: ಉಗುಳಿನಾಗ ಪಿಷ್ಟ ಒಡೆಯೋ ಕಿಣ್ವ ಅದ. ಬಾಯಿಗೆ ಹೋದ ಚಮಚ ಮತ್ತ ಅದ ಬಟ್ಟಲದಾಗ ಅದ್ದಿಕೋತ ಹೋದ್ರ, ಅರ್ಧ ಊಟ ಆಗೋದ್ರಾಗ ಅಂಬಲಿ ನೀರ ನೀರ ಆಗತದ. ಮೊದಲನೇ ತುತ್ತು ಸುರಳೀತ, ಕಡೀ ತುತ್ತು ನೆತ್ತಿಗಿ. ಸಣ್ಣ ವಾಟಗದಾಗ ಸ್ವಲ್ಪ ಸ್ವಲ್ಪ ಹಾಕ್ಕೊಂಡು ಉಣಸ್ರಿ. ಮಂದ ಮಾಡಾಕ ಅಂಗಡಿಯಾಗ ಸಿಗೋ ಝ್ಯಾಂಥನ್ ಅಂಟಿನ ಪುಡಿಗೆ ಈ ತೊಂದರಿ ಇಲ್ಲ, ಪಿಷ್ಟದ ಪುಡಿಗೆ ಅದ. ಡಬ್ಬಿ ಮ್ಯಾಲ ಯಾವುದು ಬರದದ ನೋಡಿ ತಗೋರಿ.

ಜೋಳದ ನುಚ್ಚಿಗೆ ಮಜ್ಜಿಗಿ ಹಾಕಿ ಕೊಡೋದು ಎಲ್ಲಾರಿಗೂ ಮೆತ್ತಗ ಅನಸತದ, ಆದ್ರ ಇದು ಭಾಳ ಕಠಿಣ ತುತ್ತು. ಯಾಕಂದ್ರ ಬಾಯಾಗ ಎರಡು ಥರ ಆಗತದ. ನುಚ್ಚು ಅಗಿಯೋದ್ರಾಗ ಮಜ್ಜಿಗಿ ಗಂಟಲಿಗೆ ಹರದು ಹೋಗಿರತದ. ತೆಳು ಸಾರು-ಅನ್ನ, ಹಾಲಿನಾಗ ನೆನಸಿದ ಚುರಮುರಿ, ಸಾರಿನಾಗ ಮುರದ ರೊಟ್ಟಿ ಎಲ್ಲಾ ಇದ ಜಾತಿ. ನುಚ್ಚು ಕೊಡಬೇಕಂದ್ರ ಇನ್ನೂ ಒಂದೆರಡು ಸೀಟಿ ಹೆಚ್ಚು ಕೂಗಿಸಿ, ಕಡದು, ಗಟ್ಟಿ ಮೊಸರು ಕೂಡಿಸಿ ಒಂದ ಹದ ಮಾಡ್ರಿ. ನೀರು ಬ್ಯಾರೆ ಒಡೀಬಾರದು. ಮೊಸರಿಗೂ ಹಂಗ, ಮ್ಯಾಲ ನಿಂತ ನೀರು ಬಸದು ಕಡದು ಕೊಡ್ರಿ.

ಕಟಕ ರೊಟ್ಟಿ, ಚುರಮುರಿ, ಗಿರ್ಮಿಟ್, ಗುರೆಳ್ಳ ಚಟ್ನಿಪುಡಿ, ಶೇಂಗಾ ಹಿಂಡಿ ಒಣದು, ಇವೆಲ್ಲ ಬಂದ್. ಒಣ ಪುಡಿ ಉಸಿರಿನ ಜೊತಿ ಒಳಗ ಹೋಗತದ. ಪೇಡೆ, ಕರದಂಟು, ಹೋಳಿಗಿ ಅಂಗುಳಕ್ಕ ಅಂಟ್ತಾವ. ಒಗ್ಗರಣಿ ಸಾಸಿವಿ, ಕರಿಬೇವು, ಕೊತ್ತಂಬರಿ ಸೋಸಿ ತಗೀರಿ. ಐಸ್‌ಕ್ರೀಮು ನೋಡಾಕ ಗಟ್ಟಿ, ಬಾಯಾಗ ನೀರು. ನೀರು ಬ್ಯಾಡ ಅಂದವರಿಗೆ ಅದೂ ಬ್ಯಾಡ.

ಮಟ್ಟ 5 ಅಂದ್ರ ದೊಡ್ಡವರಿಗೆ 4 ಮಿ.ಮೀ., ಮಕ್ಕಳಿಗೆ 2 ಮಿ.ಮೀ. ಹೋಳು, ತೇವ ಇರಬೇಕು. ಫೋರ್ಕಿನ ಹಲ್ಲುಗಳ ನಡುವಿನ ಸಂದಿ ಸಾಮಾನ್ಯ 4 ಮಿ.ಮೀ. ಇರತದ, ಅದ ಅಳತಿಗೋಲು. ಮಟ್ಟ 6 ಕ್ಕ ದೊಡ್ಡವರಿಗೆ 15, ಮಕ್ಕಳಿಗೆ 8 ಮಿ.ಮೀ. ಫೋರ್ಕಿನಿಂದ ಒತ್ತಿದಾಗ ನಿಮ್ಮ ಹೆಬ್ಬೆರಳಿನ ಉಗುರು ಬೆಳ್ಳಗಾಗೋವಷ್ಟು ಒತ್ತಡಕ್ಕ ಹೋಳು ನುಗ್ಗಬೇಕು, ಬಿಟ್ಟ ಮ್ಯಾಲ ಮತ್ತ ಉಬ್ಬಬಾರದು. ಎಣಗಾಯಿ ಬದನಿಕಾಯಿ ಮಸಾಲಿ ಸೋಸಿ, ತೊಟ್ಟು-ಸಿಪ್ಪಿ ತಗದು ಮಟ್ಟ 5 ಮಾಡಾಕ ಬರತದ. ರೊಟ್ಟಿ ಮಾತ್ರ ಈ ಎರಡೂ ಮಟ್ಟಕ್ಕ ಒಗ್ಗೂದಿಲ್ಲ, ಹಿರಿಯರು ಎಷ್ಟ ಬೈದ್ರೂ.

ನೀರು ಕೂಡಿಸಿ ಮಿಕ್ಸರ್‌ಗೆ ಹಾಕಿದ್ರ ಊಟ ಹಿಗ್ಗತದ, ಸತ್ವ ಇಳೀತದ. ನೀರಿನ ಬದಲಿ ಹಾಲು ಇಲ್ಲಾ ಬ್ಯಾಳಿ ಕಟ್ಟು ಹಾಕ್ರಿ, ಬಟ್ಟಲಕ್ಕ ಒಂದು ಚಮಚ ತುಪ್ಪ, ಹಾಲಿನ ಪುಡಿ ಕೂಡಸ್ರಿ. ಮೂತ್ರಪಿಂಡದ ರೋಗ ಇದ್ದವರದು ಬ್ಯಾರೆ ಲೆಕ್ಕ, ಡಾಕ್ಟರನ್ನ ಕೇಳ್ರಿ.

ಶಿಗ್ಗಾಂವಿ_ಶ್ರೀ:
ಮಲಗಿಸಿ ಕುಡಿಸಬಾರದು ಅಂತಾರ. ಕೂತರೂ ನೆತ್ತಿಗೆ ಹತ್ತುತ್ತದಲ್ಲ?

ವಾಕ್_ಹುಬ್ಬಳ್ಳಿ:
ಕೂತು ಹೇಗೆ ಕುಡಿಯುತ್ತಾರೆ ಎಂಬುದನ್ನು ನೋಡಿ. ನಮ್ಮಲ್ಲಿ ಚಂಬು ಎತ್ತಿ, ತುಟಿಗೆ ತಾಗಿಸದೆ, ಕತ್ತು ಹಿಂದಕ್ಕೆ ಚೆಲ್ಲಿ ನೀರು ಸುರುವಿಕೊಳ್ಳುವ ರೂಢಿ. ಕತ್ತು ಹಿಂದಕ್ಕೆ ಹೋದರೆ ಶ್ವಾಸನಾಳದ ಬಾಯಿ ಅಗಲವಾಗುತ್ತದೆ, ಧ್ವನಿಪೆಟ್ಟಿಗೆ ಮೇಲೇಳಲು ಕಷ್ಟ, ನೀರು ತನ್ನ ಭಾರದಿಂದಲೇ ಬೀಳುತ್ತದೆ. ಉದ್ದ ಲೋಟದ ತಳದಲ್ಲಿ ಉಳಿದದ್ದು ಕುಡಿಯಲು ಹೋದರೂ ಅದೇ ಪಾಡು. ಅಗಲ ಬಾಯಿಯ ವಾಟಗ ಒಳ್ಳೆಯದು. ಇಲ್ಲವೇ ಪ್ಲಾಸ್ಟಿಕ್ ಲೋಟದ ಒಂದು ಬದಿಯ ಅಂಚನ್ನು ಅರ್ಧಚಂದ್ರ ಕತ್ತರಿಸಿ, ಅಂಚು ಕೈಗೆ ಹತ್ತದಂತೆ ಉಜ್ಜಿ, ಆ ಕಡೆ ಮೂಗಿಗೆ ಜಾಗ ಬಿಟ್ಟು ಎದುರು ಬದಿಯಿಂದ ಕುಡಿಸಿ. ತಲೆ ಎತ್ತದೆ ಲೋಟ ಖಾಲಿಯಾಗುತ್ತದೆ.

ಸೊಂಟ 90 ಡಿಗ್ರಿ, ಬೆನ್ನಿಗೆ ದಿಂಬು, ಪಾದ ನೆಲಕ್ಕೆ. ಸೋತ ಬದಿಗೆ ವಾಲದಂತೆ ಅತ್ತ ಒಂದು ದಿಂಬು. ಉಣಿಸುವವರು ನಿಂತು ಉಣಿಸಿದರೆ ರೋಗಿ ಮೇಲೆ ನೋಡಬೇಕಾಗುತ್ತದೆ, ಆದ್ದರಿಂದ ಎದುರು ಕೂತು, ಕಣ್ಣಿಗೆ ಕಣ್ಣು ಸಮ ಇರಲಿ. ಚಹಾ ಚಮಚದಷ್ಟು ತುತ್ತು. ಗುಬುಟು ಏರಿ ಇಳಿದದ್ದು ಕಂಡ ಮೇಲೆ ಮುಂದಿನದು. ಟಿವಿ ಬಂದ್. ಊಟದ ನಂತರ 30 ನಿಮಿಷ ಕೂತೇ ಇರಬೇಕು.

ಗದ್ದವನ್ನು ಎದೆಗೆ ತಂದು ನುಂಗು ಎಂದು ಎಲ್ಲರಿಗೂ ಹೇಳಿಬಿಡುತ್ತಾರೆ. ತಡವಾಗಿ ನುಂಗುವ ಕೆಲವರಿಗೆ ಅದು ಉಪಕಾರ, ಗಂಟಲಲ್ಲಿ ಬಹಳ ಉಳಿಯುವವರಿಗೆ ಅಪಕಾರವೂ ಆದೀತು. ಒಂದೇ ಬದಿ ಸೋತಿದ್ದರೆ ಮುಖವನ್ನು ಸೋತ ಬದಿಗೆ ತಿರುಗಿಸಿ ನುಂಗಿದಾಗ ಆ ಬದಿ ಮುಚ್ಚಿಕೊಂಡು ಗಟ್ಟಿ ಬದಿಯಿಂದ ಇಳಿಯುತ್ತದೆ. ಯಾವುದು ಯಾರಿಗೆ ಎಂಬುದನ್ನು ಪರೀಕ್ಷೆಯಲ್ಲಿ ನೋಡಿಯೇ ಹೇಳಬೇಕು. ವ್ಯಾಯಾಮದಲ್ಲೂ ಹಾಗೇ. ಶೇಕರ್ ವ್ಯಾಯಾಮ ಅಂದರೆ ಅಂಗಾತ ಮಲಗಿ, ಭುಜ ಎತ್ತದೆ, ಬರೀ ತಲೆ ಎತ್ತಿ ಕಾಲ್ಬೆರಳು ನೋಡುವುದು: 1 ನಿಮಿಷ ಹಿಡಿದು 1 ನಿಮಿಷ ಬಿಡುವುದು 3 ಸಲ, ಆಮೇಲೆ ಹಿಡಿಯದೆ 30 ಸಲ ಎತ್ತಿ ಇಳಿಸುವುದು, ದಿನಕ್ಕೆ 3 ಹೊತ್ತು, 6 ವಾರ. ಅನ್ನನಾಳದ ಮೇಲ್ಬಾಯಿ ಸಾಕಷ್ಟು ತೆರೆಯದವರಿಗೆ ಇದು. ಕುತ್ತಿಗೆ ಎಲುಬು ಸವೆದವರು, ಗಂಟಲಲ್ಲಿ ತೂತು ಮಾಡಿ ಟ್ಯೂಬ್ ಹಾಕಿಸಿಕೊಂಡವರು ಮಾಡಬಾರದು. ಗಂಟಲಿಗೆ ಕರೆಂಟ್ ಹಚ್ಚಿಸಿದರೆ ಸಾಕು ಎಂಬ ಜಾಹೀರಾತು ನಂಬಬೇಡಿ. ನುಂಗುವ ಅಭ್ಯಾಸವಿಲ್ಲದೆ ಅದೊಂದೇ ಏನೂ ಮಾಡದು.

ಪಾರ್ಕಿನ್ಸನ್ ಇದ್ದವರಿಗೆ ಗುಳಿಗೆ ಕೆಲಸ ಮಾಡುವ ಹೊತ್ತಿಗೆ ಊಟ ಬರುವಂತೆ ಹೊಂದಿಸಿ. ಸ್ನಾಯು ಬೇಗ ದಣಿಯುವ ಮಯಸ್ತೀನಿಯಾದವರು ಊಟದ ಮೊದಲರ್ಧ ಚೆನ್ನಾಗಿ ಉಂಡು ಕೊನೆಗೆ ಕೆಮ್ಮುತ್ತಾರೆ, ಅವರಿಗೆ ದೊಡ್ಡ ಊಟ ಬೆಳಿಗ್ಗೆ, ಸಂಜೆ ಹಗುರು. ಮಾನಸಿಕ ಕಾಯಿಲೆಯ ಕೆಲವು ಮಾತ್ರೆಗಳಿಂದ, ನಿದ್ದೆ ಗುಳಿಗೆಯಿಂದಲೂ ನುಂಗುವುದು ಕೆಡುತ್ತದೆ. ಔಷಧಿ ಚೀಟಿ ತೋರಿಸಿಯೇ ಮಾತಾಡಿ.

ಸಿಸ್ಟರ್_ಹಾವೇರಿ:
ಮೂಗಿನ ನಳಿಗಿ (ರೈಲ್ಸ್ ಟ್ಯೂಬ್) ಹಾಕಿ ಮನಿಗೆ ಕಳಿಸಿದವರಿಗೆ ನಾಕು ಮಾತು. ಮೂಗಿನ ಹತ್ರ ಟ್ಯೂಬಿನ ಮ್ಯಾಲ ಪೆನ್ನಿಂದ ಗುರುತು ಹಾಕಿಸಿಕೊಂಡು ಬರ್ರಿ. ಪ್ರತಿ ಸಲ ಹಾಕೋಕಿಂತ ಮೊದಲ ಆ ಗುರುತು ಸರದದೋ ನೋಡ್ರಿ, ಬಾಯಿ ತಗಸಿ ಟ್ಯೂಬ್ ಸುರಳಿ ಸುತ್ತಿ ಬಂದದೋ ನೋಡ್ರಿ. ಸಿರಿಂಜಿನಿಂದ ಎಳದು ಬಂದ ರಸ ಪಿಎಚ್ ಪಟ್ಟಿ (ಆಮ್ಲ ಅಳಿಯೋ ಕಾಗದ) ಮ್ಯಾಲ ಹಚ್ಚಿದ್ರ 5.5 ಇಲ್ಲಾ ಅದಕ್ಕಿಂತ ಕಡಿಮಿ ಬರಬೇಕು (ಆಸಿಡಿಟಿ ಗುಳಿಗಿ ತಗೊಳ್ಳೋರಿಗೆ ಹೆಚ್ಚ ಬರಬಹುದು). ಗಾಳಿ ಊದಿ ಹೊಟ್ಟಿ ಮ್ಯಾಲ ಕಿವಿ ಇಟ್ಟು ಕೇಳೋದು, ಟ್ಯೂಬಿನ ತುದಿ ನೀರಾಗ ಅದ್ದಿ ಗುಳ್ಳಿ ನೋಡೋದು ನಂಬಾಕ ಬರಂಗಿಲ್ಲ. ಪುಪ್ಪುಸದಾಗ ಇದ್ರೂ ಸಪ್ಪಳ ಬರತದ. ಅನುಮಾನ ಇದ್ರ ಹಾಕಬ್ಯಾಡ್ರಿ, ಎಕ್ಸ್‌-ರೇ ಮಾಡಸ್ರಿ.

ತಲಿ ಕಡೆ 30 ರಿಂದ 45 ಡಿಗ್ರಿ ಎತ್ತರ. ಮೊದಲ 30 ಮಿ.ಲೀ. ನೀರು, ಆಮ್ಯಾಲ 200 ರಿಂದ 250 ಮಿ.ಲೀ. ಸೋಸಿದ ಗಂಜಿ, 15 ರಿಂದ 20 ನಿಮಿಷ ಹಿಡೀಬೇಕು, ಮತ್ತ 30 ಮಿ.ಲೀ. ನೀರು. ದಟ್ಟೆ ಹಾಕಿ ಒತ್ತಬ್ಯಾಡ್ರಿ, ಸಿರಿಂಜ್ ಎತ್ತರ ಹಿಡದು ತಾನ ಇಳೀಲಿ. ರಾಗಿ, ಜೋಳದ ಹಿಟ್ಟಿನ ಗಂಜಿ ಟ್ಯೂಬ್ ಕಟ್ಟತದ, ಮಲ್ ಬಟ್ಟಿಯಾಗ ಸೋಸ್ರಿ. ಕಟ್ಟಿದ್ರ ಬೆಚ್ಚಗಿನ ನೀರು ಹಾಕಿ ಮೆಲ್ಲಕ ಎಳದು ಬಿಟ್ಟು ಮಾಡ್ರಿ. ತಂತಿ ತೂರಸಬ್ಯಾಡ್ರಿ, ಸೋಡಾ-ಕೋಲಾ ಹಾಕಬ್ಯಾಡ್ರಿ. ಏಪ್ರಿಲ್-ಮೇ ಬಿಸಲಾಗ ಮಾಡಿದ ಗಂಜಿ 2 ತಾಸಿಗಿಂತ ಹೆಚ್ಚು ಹೊರಗ ಇಡಬ್ಯಾಡ್ರಿ.

ಟ್ಯೂಬ್ ಇದ್ರ ಬಾಯಿ ತೊಳಿಯೋದು ಬ್ಯಾಡ ಅಂತ ಬಿಡತಾರ, ಅದ ದೊಡ್ಡ ತಪ್ಪು. ಪುಪ್ಪುಸಕ್ಕ ಸೋಂಕು ಹತ್ತಸೋದು ಬರೇ ಅನ್ನ ಅಲ್ಲ, ಹೊಲಸ ಬಾಯಿಯ ಉಗುಳು. ಬಾಯಿಲೆ ಉಣ್ಣಲಿ ಬಿಡಲಿ, ದಿನಕ್ಕ ಕನಿಷ್ಠ 2 ಸಲ ಮೆತ್ತನ ಬ್ರಷ್, ಸ್ವಲ್ಪ ಪೇಸ್ಟ್, ಒರಸಿ ತಗೀರಿ. ಕಟ್ಟಿಸಿದ ಹಲ್ಲಿನ ಸೆಟ್ ರಾತ್ರಿ ತಗೀಬೇಕು, ಸಡಲಿದ್ರ ಉಣ್ಣೋವಾಗೂ ಬ್ಯಾಡ. ನಾಕು ವಾರ ಮೀರಿ ಟ್ಯೂಬ್ ಬೇಕಾಗತದ ಅನ್ನಿಸಿದ್ರ ಹೊಟ್ಟಿಗೇ ನೇರ ಹಾಕೋ ಪೆಗ್ ಟ್ಯೂಬಿನ ಮಾತು ತಗೀರಿ. ಟ್ಯೂಬ್ ಹಾಕಿದ್ರ ಜೀವ ಹೋದಂಗ ಅಂತ ಅಂಜಬ್ಯಾಡ್ರಿ, ಲಕ್ವಾ ಆದ ಬಹಳ ಮಂದಿಗೆ ಕೆಲವು ವಾರದಾಗ ನುಂಗೋದು ಸುಧಾರಸತದ. ತಾವ ಜಗ್ಗಿ ತಗೀಬ್ಯಾಡ್ರಿ, ಪರೀಕ್ಷಾ ಮಾಡಿಸಿ ತಗಸ್ರಿ.

ಇಎನ್‌ಟಿ_ಧಾರವಾಡ:
ಎಲ್ಲವನ್ನೂ ಲಕ್ವಾದ ತಲೆಗೆ ಕಟ್ಟುವ ಮುನ್ನ ಒಂದು ಮಾತು. ಮೊದಲು ರೊಟ್ಟಿ ಸಿಕ್ಕಿಕೊಳ್ಳುತ್ತದೆ, ಆಮೇಲೆ ಅನ್ನ, ಕೊನೆಗೆ ನೀರೂ ಇಳಿಯದು, ಜೊತೆಗೆ ತೂಕ ಇಳಿಯುತ್ತಿದೆ ಅಂದರೆ ಅದು ಅನ್ನನಾಳ ಕಿರಿದಾಗುತ್ತಿರುವ ಲಕ್ಷಣ. ಗಡ್ಡೆ ಇರಬಹುದು. ಥೆರಪಿಗೆ ಕಳಿಸಬೇಡಿ, ಎಂಡೋಸ್ಕೋಪಿಗೆ ಕಳಿಸಿ, ಅದೂ ಬೇಗ. ಗಟ್ಟಿ-ತೆಳು ಎರಡೂ ಮೊದಲ ದಿನದಿಂದಲೇ ಸಿಕ್ಕಿಕೊಳ್ಳುತ್ತಿದ್ದರೆ ಅನ್ನನಾಳದ ಚಲನೆಯ ದೋಷ ಇರಬಹುದು. ಗಂಟಲಲ್ಲೇ ಸಿಕ್ಕಿದೆ ಎಂದು ರೋಗಿ ಬೆರಳು ತೋರಿಸಿದರೂ ಅಡ್ಡಿ ಎಷ್ಟೋ ಕೆಳಗಿರುವುದುಂಟು.

ಗುಟ್ಕಾ, ಅಡಿಕೆ ಜಗಿಯುವವರಲ್ಲಿ ಬಾಯಿಯ ಒಳಪದರ ನಾರುಗಟ್ಟುತ್ತದೆ. ಖಾರ ತಾಗಿದರೆ ಉರಿ, ಇದು ಮೊದಲ ಸೂಚನೆ. ತಮ್ಮವೇ 3 ಬೆರಳು ಒಂದರ ಮೇಲೊಂದು ಬಾಯಿಯಲ್ಲಿ ಹಿಡಿಯದಿದ್ದರೆ ತೋರಿಸಿಕೊಳ್ಳಿ. ಮೆದು ಅಂಗುಳವೂ ಬಿರುಸಾದರೆ ನೀರು ಮೂಗಿಗೆ ಬರುತ್ತದೆ. ಬಾಯಿ-ಗಂಟಲ ಕ್ಯಾನ್ಸರಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಥವಾ ಬೇರೆಲ್ಲೇ ರೇಡಿಯೇಶನ್ ತೆಗೆದುಕೊಳ್ಳುವವರು ಬಾಯಿ ತೆರೆಯುವ, ನುಂಗುವ ವ್ಯಾಯಾಮವನ್ನು ಚಿಕಿತ್ಸೆ ಶುರುವಾಗುವ ಮೊದಲೇ ಕಲಿತುಕೊಳ್ಳಬೇಕು. ಗಂಟಲು ಬಿಗಿಯುವುದು ವರ್ಷಗಳ ನಂತರವೂ ಕಾಣಿಸಿಕೊಳ್ಳುತ್ತದೆ. ಥೈರಾಯ್ಡ್ ಆಪರೇಶನ್ ಆದ ಮೇಲೆ ದನಿ ಒಡೆದು, ನೀರು ಮಾತ್ರ ನೆತ್ತಿಗೆ ಹತ್ತಿದರೆ ಧ್ವನಿತಂತು ನೋಡಿಸಿ.

ಆಟ_ಪಾಠ_ಧಾರವಾಡ (ಮಕ್ಕಳ ಥೆರಪಿ):
ಮಕ್ಕಳ ಪ್ರಶ್ನೆ ಹಾಗೇ ಉಳಿದಿತ್ತು. ಹೀರುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೆಗೆ ಬರುವುದು ಗರ್ಭದ ಸುಮಾರು 34ನೇ ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಹುಟ್ಟಿದ ಕೂಸು ಮೊಲೆ ಹಿಡಿಯದಿದ್ದರೆ ತಾಯಿಯ ಹಾಲು ಸಾಲದು ಎಂದು ಅವಳನ್ನು ಬೈಯುವುದು ತಪ್ಪು. ಹಾಲು ಕುಡಿಯುವಾಗ ಬೆವರುವುದು, ತುಟಿ ನೀಲಿಯಾಗುವುದು, ಮೂಗಿನಿಂದ ಹಾಲು ಬರುವುದು, ಬೆನ್ನು ಬಿಲ್ಲಾಗಿಸಿ ಅಳುವುದು, ಒಂದು ಹೊತ್ತಿನ ಊಟಕ್ಕೆ 30 ನಿಮಿಷ ಮೀರುವುದು, ಪದೇ ಪದೇ ಕಫ, ತೂಕ ಏರದಿರುವುದು, ಇವುಗಳಲ್ಲಿ ಒಂದಿದ್ದರೂ ತೋರಿಸಬೇಕು. ಮೂಗಿನಿಂದ ಹಾಲು ಬಂದರೆ ಟಾರ್ಚ್ ಹಾಕಿ ಅಂಗುಳ ಪೂರ್ತಿ ನೋಡಿ, ತುಟಿ ಸರಿ ಇದ್ದೂ ಒಳಗೆ ಅಂಗುಳ ಸೀಳಿರಬಹುದು. ಸೀಳಂಗುಳದ ಶಸ್ತ್ರಚಿಕಿತ್ಸೆ ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆಯಲ್ಲಿ ಆಗುತ್ತದೆ.

ಬಾಣಂತಿ ಮನೆಯಲ್ಲಿ ಕಾಲ ಮೇಲೆ ಅಂಗಾತ ಹಾಕಿಕೊಂಡು, ಅಳುವ ಕೂಸಿನ ಮೂಗು ಹಿಡಿದು ಒಳಲೆಯಿಂದ ಔಷಧಿ, ಹರಳೆಣ್ಣೆ, ತುಪ್ಪ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ, ಮೂಗಿಗೆ ಎಣ್ಣೆ ಬಿಡುವುದನ್ನೂ. ಎಣ್ಣೆ ಶ್ವಾಸನಾಳವನ್ನು ಕೆರಳಿಸುವುದಿಲ್ಲ, ಕೆಮ್ಮು ಬರುವುದಿಲ್ಲ, ಸದ್ದಿಲ್ಲದೆ ಪುಪ್ಪುಸಕ್ಕೆ ಇಳಿದು ಅಲ್ಲೇ ಕೂತುಬಿಡುತ್ತದೆ. ಆ ನ್ಯುಮೋನಿಯಾ ಮಾಮೂಲಿ ಆಂಟಿಬಯಾಟಿಕ್‌ಗೆ ಬಗ್ಗದು. ಒಳಲೆಯದೇನೂ ತಪ್ಪಿಲ್ಲ. ಕೂಸನ್ನು ಅರ್ಧ ಕೂರಿಸಿ, ತುಟಿಯ ಮೂಲೆಯಲ್ಲಿ ಇಟ್ಟು, ನುಂಗಿದಷ್ಟೇ ಬಿಟ್ಟರೆ ಅದು ಬಾಟಲಿಗಿಂತ ಒಳ್ಳೆಯದು. ಒಂದು ವರ್ಷದೊಳಗೆ ಜೇನು ಬೇಡ. ಹಾಲು ಮಂದ ಮಾಡಲು ದೊಡ್ಡವರ ಪುಡಿಯೂ ಬೇಡ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಝ್ಯಾಂಥನ್ ಪುಡಿಯೊಂದನ್ನು ಕೊಡಬಾರದು, ಕರುಳು ಕೊಳೆಯುವ ಅಪಾಯವಿದೆ ಎಂದು ಅಮೆರಿಕದ ಎಫ್‌ಡಿಎ 2011ರಲ್ಲೇ ಎಚ್ಚರಿಸಿತ್ತು.

ಈಗ ಮಿಕ್ಸರ್ ಮಕ್ಕಳು. 6 ತಿಂಗಳಿಗೆ ಊಟ ಶುರು, 9–10 ತಿಂಗಳೊಳಗೆ ಸಣ್ಣ ಗಂಟು ಗಂಟಾದದ್ದು ನಾಲಿಗೆಗೆ ಪರಿಚಯವಾಗಬೇಕು. ಅದು ತಪ್ಪಿದರೆ ಆಮೇಲೆ ಒಂದು ಅಗುಳು ಕಂಡರೂ ವಾಕರಿಸುತ್ತಾರೆ. ಒಮ್ಮೆಲೇ ಮಿಕ್ಸರ್ ಬಂದ್ ಮಾಡಿ ಹಟ ಹಿಡಿಯಬೇಡಿ. ಮೊದಲು ನೀರು ಕಡಿಮೆ ಮಾಡಿ ಅದನ್ನೇ ಗಟ್ಟಿ ಮಾಡಿ, ಆಮೇಲೆ ಮಿಕ್ಸರ್ ಬದಲು ಕಡಗೋಲು, ಆಮೇಲೆ ಕೈಯಿಂದ ಕಿವುಚಿದ್ದು. ತೆಳು ಸಾರಿನಲ್ಲಿ ಗಂಟು ತೇಲಿಸಬೇಡಿ, ಆಗಲೇ ಹೆಚ್ಚು ವಾಕರಿಸುವುದು. ಜಗಿಯಲು ಕಲಿಸಲು ಮೆತ್ತಗೆ ಬೇಯಿಸಿದ ಗಜ್ಜರಿಯ ಉದ್ದ ಹೋಳಿನ ತುದಿಯನ್ನು ನಾಲಿಗೆಯ ನಡುವೆ ಇಡದೆ ದವಡೆ ಬದಿಗೆ ಇಡಿ, ನಾಲಿಗೆ ಅತ್ತ ಹೊರಳುವುದೇ ಜಗಿಯುವುದರ ಮೊದಲ ಪಾಠ. ಒಂದು ವರ್ಷ ದಾಟಿದ ಮಗುವಿಗೆ ಹಾಲು ದಿನಕ್ಕೆ 500 ಮಿ.ಲೀ. ಸಾಕು. ಲೀಟರ್ ಕುಡಿದ ಮಗುವಿಗೆ ಹಸಿವೆ ಎಲ್ಲಿಂದ ಬರಬೇಕು? ರಕ್ತವೂ ಕಡಿಮೆಯಾಗುತ್ತದೆ. ಊಟ 20–30 ನಿಮಿಷಕ್ಕೆ ಮುಗಿಸಿ, ನಡುವೆ 2–3 ತಾಸು ನೀರು ಬಿಟ್ಟು ಏನೂ ಇಲ್ಲ. ಹೊಸ ಪದಾರ್ಥವನ್ನು ಹತ್ತು ಹದಿನೈದು ಸಲ ಎದುರಿಗಿಟ್ಟ ಮೇಲೆ ಮುಟ್ಟುವ ಮಕ್ಕಳಿದ್ದಾರೆ. ಮೊಬೈಲ್ ತೋರಿಸಿ ತುರುಕಿದ್ದು ಹೊಟ್ಟೆಗೆ ಹೋದೀತು, ತಿನ್ನುವುದು ಮಾತ್ರ ಕಲಿತಂತಾಗದು. ಆಟಿಸಂ ಇರುವ ಮಕ್ಕಳು ಬಣ್ಣ, ವಾಸನೆ, ಕುರುಕು ನೋಡಿ ನಾಲ್ಕೈದೇ ಪದಾರ್ಥ ತಿನ್ನುವುದು ಬೇರೆ ಸಂಗತಿ. ಅಲ್ಲಿ ಸಾಮಾನ್ಯವಾಗಿ ಗಂಟಲು ಸರಿ ಇರುತ್ತದೆ, ಒತ್ತಾಯ ಮಾಡಿದರೆ ಇರುವ ನಾಲ್ಕೂ ಬಿಟ್ಟುಬಿಡುತ್ತಾರೆ.

ಸೆರೆಬ್ರಲ್ ಪಾಲ್ಸಿ ಇರುವ ಮಗುವನ್ನು ತೊಡೆ ಮೇಲೆ ಮಲಗಿಸಿ ಉಣಿಸಬೇಡಿ. ಸೊಂಟ, ಮಂಡಿ ಮಡಿಸಿ, ಪಾದಕ್ಕೆ ಆಸರೆ ಕೊಟ್ಟು, ತಲೆ ತುಸು ಮುಂದಕ್ಕೆ. ತಲೆ ಹಿಂದಕ್ಕೆ ಎಸೆದರೆ ಇಡೀ ಮೈ ಬಿರುಸಾಗುತ್ತದೆ. ಚಪ್ಪಟೆ ಚಮಚ ಎದುರಿನಿಂದ ತಂದು ನಾಲಿಗೆಯ ಮಧ್ಯೆ ತುಸು ಒತ್ತಿ ಹಿಡಿಯಿರಿ, ತುಟಿ ಮುಚ್ಚುವವರೆಗೆ ಕಾಯಿರಿ, ನೇರ ಹೊರಗೆ ತೆಗೆಯಿರಿ. ಮೇಲಿನ ಹಲ್ಲಿಗೆ ಕೆರೆದು ತುತ್ತು ಬಿಟ್ಟರೆ ತುಟಿಗೆ ಕೆಲಸವೇ ಇರುವುದಿಲ್ಲ. ಚಮಚ ಕಚ್ಚಿ ಹಿಡಿಯುವ ಮಗುವಿಗೆ ಸ್ಟೀಲ್ ಬೇಡ, ಎಳೆಯಲೂಬೇಡಿ, ಸಡಿಲಾಗುವವರೆಗೆ ಕಾಯಿರಿ. ಇದನ್ನೆಲ್ಲ ಉಚಿತವಾಗಿ ಕೈಹಿಡಿದು ಕಲಿಸುವುದು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಡಿಇಐಸಿ ಅನ್ನುತ್ತಾರೆ. ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ತಂಡದ ಚೀಟಿ ಇದ್ದರೆ ದಾರಿ ಸುಲಭ.

ಶಿಗ್ಗಾಂವಿ_ಶ್ರೀ:
ಶೇಂಗಾ ಹಂಗಾಮು ಬಂತು, ಸಣ್ಣ ಮಕ್ಕಳ ಕೈಯಾಗೂ ಶೇಂಗಾ ಇರ್ತಾವ. ಸಿಕ್ಕೊಂಡ್ರ?

ಸಿಸ್ಟರ್_ಹಾವೇರಿ:
ನಾಕು ವರ್ಷದೊಳಗಿನವರಿಗೆ ಇಡೀ ಶೇಂಗಾ, ಪುಠಾಣಿ, ಕಡ್ಲಿ ಕೊಡಲೇಬ್ಯಾಡ್ರಿ. ಅಳಕೋತ, ನಗಕೋತ, ಓಡಕೋತ ತಿನ್ನೋದು ಇನ್ನೂ ಕೆಟ್ಟದ್ದು. ಕೂಸು ಜೋರಾಗಿ ಕೆಮ್ಮತಿದ್ರ ಕೆಮ್ಮಲಿಕ್ಕ ಬಿಡ್ರಿ. ಕೆಮ್ಮಾಕ, ಅಳಾಕ, ಮಾತಾಡಾಕ ಬರಲಿಲ್ಲಾಂದ್ರ ಮುಂದ ಬಗ್ಗಿಸಿ ಹೆಗಲೆಲುಬಿನ ನಡುವ ಅಂಗೈಲೆ 5 ಪೆಟ್ಟು, ಹೊಕ್ಕಳದ ಮ್ಯಾಲ ಒಳಕ್ಕೂ ಮ್ಯಾಲಕ್ಕೂ 5 ಒತ್ತು, ಹೊರಗ ಬರೋ ತನಕ ಹಂಗ. ಒಂದು ವರ್ಷದೊಳಗಿನ ಕೂಸಿಗೆ ಹೊಟ್ಟಿ ಒತ್ತಬಾರದು: ತಲಿ ಕೆಳಗ ಮಾಡಿ ಮುಂಗೈ ಮ್ಯಾಲ ಬೋರಲ ಹಾಕಿ ಬೆನ್ನಿಗೆ 5, ಹೊರಳಿಸಿ ಎದಿ ನಡುವ ಒಂದು ಅಂಗೈಯ ಬುಡಲೆ 5 ಒತ್ತು. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಬ್ಯಾಡ್ರಿ, ಇನ್ನೂ ಒಳಗ ಹೋಗತದ. ನೀರು ಕುಡಿಸಬ್ಯಾಡ್ರಿ. ಒಬ್ಬರು 108 ಕ್ಕ ಹಚ್ರಿ. ಎಚ್ಚರ ತಪ್ಪಿದ್ರ ಎದಿ ಒತ್ತೋದು (ಸಿಪಿಆರ್) ಶುರು ಮಾಡ್ರಿ.

ಇಎನ್‌ಟಿ_ಧಾರವಾಡ:
ಒಂದು ಸೇರಿಸುತ್ತೇನೆ. ಶೇಂಗಾ ತಿನ್ನುವಾಗ ಜೋರು ಕೆಮ್ಮು ಬಂದು ನಿಂತುಹೋಯಿತು ಅಂದರೆ ಮುಗಿಯಿತು ಅಂತಲ್ಲ. ಬೀಜ ಕೆಳಗಿನ ಕವಲಿಗೆ ಇಳಿದಾಗ ಕೆಮ್ಮು ನಿಲ್ಲುತ್ತದೆ. ಕೆಲ ದಿನಗಳಲ್ಲಿ ಒಂದೇ ಬದಿ ಸುಂಯ್‌ಗುಟ್ಟುವ ಉಸಿರು, ಮಾಸದ ಕಫ. ಶೇಂಗಾ ಎಕ್ಸ್‌-ರೇಯಲ್ಲಿ ಕಾಣುವುದಿಲ್ಲ, ‘ಎಕ್ಸ್‌-ರೇ ಚಲೋ ಅದ’ ಎಂದು ಕೂರಬೇಡಿ, ಬ್ರಾಂಕೋಸ್ಕೋಪಿ (ಶ್ವಾಸನಾಳಕ್ಕೆ ದುರ್ಬೀನು ಇಳಿಸಿ ನೋಡುವುದು) ಬೇಕು. ನುಂಗಿದ್ದು ಆಟಿಕೆಯ ಬಟನ್ ಸೆಲ್ ಆಗಿದ್ದರೆ ಒಂದು ಕ್ಷಣವೂ ಕಾಯಬೇಡಿ, ಅನ್ನನಾಳದಲ್ಲಿ ಸಿಕ್ಕಿಕೊಂಡ ಸೆಲ್ 2 ತಾಸಿನೊಳಗೇ ಸುಟ್ಟಗಾಯ ಮಾಡುತ್ತದೆ.

ಕುಂದಗೋಳ_ಆಶಾ:
ಭಾಳ ಉಪಕಾರ ಆತ್ರಿ. ಕಡೀಗೊಂದು, ಗುಳಿಗಿ ಹೆಂಗ ಕೊಡೂಣು? ಎಲ್ಲಾ ಕುಟ್ಟಿ ನೀರಾಗ ಕಲಸಿ ಕುಡಸತಾರ. ಮತ್ತ ಥೆರಪಿಸ್ಟ್ ಎಲ್ಲಿ ಸಿಗತಾರ?

ಪಥ್ಯಪಾಕ_ಗದಗ:
ನೀರು ಬ್ಯಾಡ ಅಂದವರಿಗೆ ಗುಳಿಗಿ ಸಲುವಾಗಿನೂ ನೀರು ಬ್ಯಾಡ. ಕುಟ್ಟಬಹುದಾದ ಗುಳಿಗಿ ನುಣ್ಣಗ ಕುಟ್ಟಿ ಒಂದು ಚಮಚ ಗಟ್ಟಿ ಮೊಸರು ಇಲ್ಲಾ ಕಿವುಚಿದ ಬಾಳಿಹಣ್ಣಿನಾಗ ಕೊಡ್ರಿ. ನಿಧಾನ ಬಿಡುಗಡಿ ಆಗೋ ಗುಳಿಗಿ, ಹೊಟ್ಟಿಯಾಗ ಕರಗಬಾರದು ಅಂತ ಮ್ಯಾಲ ಪದರ ಇರೋ ಗುಳಿಗಿ ಕುಟ್ಟಬಾರದು. ಹೆಸರಿನ ಹಿಂದ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಅಂತ ಇದ್ರ ಅಂಗಡಿಯವರನ್ನ ಕೇಳದ ಮುಟ್ಟಬ್ಯಾಡ್ರಿ, ಬದಲಿ ಗುಳಿಗಿ ಬರಸ್ರಿ. ಸಿರಪ್ ತಂದ್ರ ಆತು ಅನ್ನಬ್ಯಾಡ್ರಿ, ಭಾಳಷ್ಟು ಸಿರಪ್ ತೆಳ್ಳಗ ಇರ್ತಾವ, ಸಿರಿಂಜಿನಾಗ ಹಾಕಿ ನೋಡ್ರಿ. ಮಲಬದ್ಧತಿಗೆ ಕೊಡೋ ಪಾಲಿಇಥಿಲೀನ್ ಗ್ಲೈಕಾಲ್ ಪುಡಿಯನ್ನ ಪಿಷ್ಟದಿಂದ ಮಂದ ಮಾಡಿದ ನೀರಿಗೆ ಹಾಕಿದ್ರ ಅದು ಮತ್ತ ನೀರಿನಂಗ ತೆಳ್ಳಗ ಆಗತದ. ಎರಡೂ ಕೂಡಸಬ್ಯಾಡ್ರಿ, ಝ್ಯಾಂಥನ್ ಪುಡಿ ಬಳಸ್ರಿ.

ವಾಕ್_ಹುಬ್ಬಳ್ಳಿ:
ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ (ಹುಬ್ಬಳ್ಳಿಯ ಕೆಎಂಸಿಆರ್‌ಐ ಅಂದರೆ ಹಿಂದಿನ ಕಿಮ್ಸ್, ಗದಗದ ಜಿಮ್ಸ್) ಮೊದಲು ಇಎನ್‌ಟಿ ಅಥವಾ ನರರೋಗದ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ, ‘ನುಂಗುವ ತೊಂದರೆ, ಸ್ಪೀಚ್ ಥೆರಪಿಗೆ ಕಳಿಸಿ’ ಎಂದು ಬಾಯಿಬಿಟ್ಟು ಕೇಳಿ. ಸ್ಪೀಚ್ ಅಂದರೆ ಬರೇ ಮಾತು ಎಂದುಕೊಂಡು ಎಷ್ಟೋ ಜನರನ್ನು ಕಳಿಸುವುದೇ ಇಲ್ಲ. ಖಾಸಗಿಯಲ್ಲಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಕೇಳಿ, ಹೇಳಲು ಅವರು ಬೇಸರಪಡಬಾರದು. ಮೊದಲ ಭೇಟಿಗೆ ಬರುವಾಗ ಸ್ಕ್ಯಾನ್ ವರದಿ, ಔಷಧಿ ಚೀಟಿ, 3 ದಿನ ಏನು ಎಷ್ಟು ಉಂಡರು, ಯಾವುದಕ್ಕೆ ಕೆಮ್ಮಿದರು ಎಂದು ಬರೆದ ಹಾಳೆ, ಈಗಿನ ತೂಕ ತನ್ನಿ. ಒಂದು ಹೊತ್ತಿನ ಊಟದ ಮೊಬೈಲ್ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು, ಮುಖ ಮತ್ತು ಕುತ್ತಿಗೆ ಎರಡೂ ಬದಿಯಿಂದ ಕಾಣುವಂತೆ ಹಿಡಿಯಿರಿ. ಮನೆಯಲ್ಲಿ ಉಣಿಸುವವರು ಯಾರೋ ಅವರೇ ಜೊತೆಗೆ ಬರಲಿ, ಮನೆಯ ಗಂಜಿ ಒಂದು ಡಬ್ಬಿಯಲ್ಲಿ ಇರಲಿ.